ಅತ್ತೆಯ ಅಂಗಡಿಗೆ ನಾನು ತಂದ ಕ್ಲಿಕ್ಕುಗಳು

ಸೆಪ್ಟೆಂಬರ್ 9, ಶನಿವಾರ

ಅತ್ತೆಯ ಅಂಗಡಿಗೆ ಜಾಲತಾಣ ತೆರೆದು ಇವತ್ತಿಗೆ ಒಂದು ವಾರ. ಈವರೆಗೆ ಜಾಲಕ್ಕೆ ಬಿದ್ದವನು ನಾನೊಬ್ಬನೇ.

ನಾನಿದ್ದ ಜಾಹೀರಾತು ಕಂಪನಿ ಬಾಗಿಲು ಹಾಕಿಕೊಂಡ ಮೇಲೆ, ಘೋಷವಾಕ್ಯ ಬರೆದು ಸವೆದ ಪೆನ್ನು ಮತ್ತು ಸವೆಯದ ನಾಲಿಗೆಯನ್ನು ತೆಗೆದುಕೊಂಡು ಹೆಂಡತಿಯ ತಾಯಿಯ ಮನೆಗೆ ಬಂದು ಸೇರಿದ್ದೇನೆ. ಮನೆ ಅಳಿಯ ಎಂಬ ಹುದ್ದೆಗೆ ಸಂದರ್ಶನವಿಲ್ಲ, ಬಡ್ತಿಯೂ ಇಲ್ಲ. ಕೆಳಗೆ ಅತ್ತೆಯ ಹೊಲಿಗೆ ಯಂತ್ರ ರಿಪೇರಿ ಅಂಗಡಿ, ಮೇಲೆ ನಾವು ಮೂವರು. ಹೆಂಡತಿ ಬೆಳಗಾದರೆ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗಕ್ಕೆ ಹೋಗಿಬಿಡುತ್ತಾಳೆ. ಹಗಲಿಡೀ ಅತ್ತೆಗೆ ನಾನು, ನನಗೆ ಅತ್ತೆ.

ಅಂಗಡಿಗೆ ಜನ ಕಡಿಮೆಯಾಗಿದ್ದಾರೆ. ಪಕ್ಕದ ಕನ್ನಡಕದಂಗಡಿಯವರು ನಡುವಿನ ಗೋಡೆ ಒಡೆದು ತಮ್ಮ ಅಂಗಡಿ ಹಿಗ್ಗಿಸಬೇಕೆಂದು ಬಹಳ ದಿನಗಳಿಂದ ಕೇಳುತ್ತಿದ್ದಾರೆ. ಹೋದ ತಿಂಗಳು ಅತ್ತೆ ಮೊದಲ ಸಲ "ನೋಡೋಣ" ಎಂದರು. ಬೇರೆಯವರು ನೋಡೋಣ ಎಂದರೆ ಇಲ್ಲ ಎಂದರ್ಥ. ಅತ್ತೆ ನೋಡೋಣ ಎಂದರೆ ಗೋಡೆಗೆ ಸುತ್ತಿಗೆ ಬಿದ್ದಂತೆಯೇ.

"ಅಮ್ಮ ಕೈ ಕಟ್ಕೊಂಡು ಕೂತ್ರೆ ಮುದುಕಿ ಆಗ್ಬಿಡ್ತಾಳೆ ರೀ. ಏನಾದ್ರೂ ಮಾಡಿ" ಎಂದಳು ಹೆಂಡತಿ. ನಾನು ಮಾತಿನ ಮನುಷ್ಯ. ಆದ್ದರಿಂದ ಮಾತು ಕೊಟ್ಟೆ: ಜಾಲತಾಣ ಮಾಡುತ್ತೇನೆ, ಜನ ಹುಡುಕಿಕೊಂಡು ಬರುತ್ತಾರೆ. ಅತ್ತೆ ಗಡುವು ಕೊಟ್ಟರು. "ಡಿಸೆಂಬರ್ ಮುಗಿಯೋವರೆಗೂ ಕಾಯ್ತೀನಿ ಅಳಿಯಂದಿರೇ. ಆಮೇಲೆ ಬೀಗದ ಕೈ ಕನ್ನಡಕದವರಿಗೆ."

ಕನ್ನಡಕದವರು ಸಜ್ಜನರು. ಅಂಗಡಿ ಹಿಗ್ಗಿದರೆ ನನಗೂ ಒಂದು ಕೆಲಸವಂತೆ, ಕನ್ನಡಕದ ಚೌಕಟ್ಟು ಮಾರುವುದು. ಚೌಕಟ್ಟು ಮೀರಿ ಯೋಚಿಸಿ ಎಂದು ಊರಿಗೆಲ್ಲ ಹೇಳಿ ಸಂಬಳ ತೆಗೆದುಕೊಂಡವನಿಗೆ ತಕ್ಕ ಶಾಸ್ತಿ.

ಸೆಪ್ಟೆಂಬರ್ 14

ಹುಡುಕುತಾಣದವರು ಒಂದು ವರದಿ ಕೊಡುತ್ತಾರೆ. ಅದರಲ್ಲಿ ನಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಅದನ್ನು ಒತ್ತಿ ಒಳಗೆ ಬಂದರು, ಸಾಲಿನಲ್ಲಿ ನಾವು ಎಷ್ಟನೆಯವರು ಎಂಬುದೆಲ್ಲ ಇರುತ್ತದೆ. ರಸ್ತೆಯಲ್ಲಿ ಹೋಗುವವರು ಬೋರ್ಡಿನ ಕಡೆ ಕಣ್ಣು ಹಾಯಿಸಿದರೆ 'ಕಾಣಿಸಿದ್ದು', ಮೆಟ್ಟಿಲು ಹತ್ತಿದರೆ 'ಕ್ಲಿಕ್ಕು'. ಕಾಸು ಕೊಟ್ಟು ಜಾಹೀರಾತಿನಿಂದ ತರುವ ಕ್ಲಿಕ್ಕು ಬೇರೆ ಇದೆ. ಅದು ಕೈ ಹಿಡಿದು ಎಳೆದು ತಂದಂತೆ. ನನಗೆ ತಾವಾಗಿ ಹುಡುಕಿ ಬರುವವರು ಬೇಕು.

ನಮ್ಮ ಸ್ಥಾನ ಅರವತ್ತರ ಆಚೆ. ಸ್ಥಾನವೇ ಅಲ್ಲಿದ್ದ ಮೇಲೆ ಮಾನದ ಮಾತೇಕೆ!

ಆದರೆ ಶೀರ್ಷಿಕೆಗಳ ಬಗ್ಗೆ ನನಗೆ ಹೆಮ್ಮೆಯಿದೆ. ದಾರದ ತೊಂದರೆಗಳ ಪುಟಕ್ಕೆ 'ದಾರಿ ತಪ್ಪಿದ ದಾರ'. ಗ್ರಾಹಕರಲ್ಲಿ ಅರಿಕೆ ಮಾಡುವ ಪುಟಕ್ಕೆ, ಕೆಳಗಿನ ದಾರ ಸುತ್ತುವ ಬಾಬಿನ್ನಿಗೆ ಬಿನ್ನಹ ಬೆಸೆದು, 'ಬಾಬಿನ್ನಹ'. ಎರಡನೆಯದು ಹೊಳೆದಾಗ ನಾನೇ ಎದ್ದು ನಿಂತು ಚಪ್ಪಾಳೆ ತಟ್ಟಿಕೊಂಡೆ. ಹೆಂಡತಿಗೆ ಓದಿ ಹೇಳಿದೆ. "ಚೆನ್ನಾಗಿದೆ" ಎಂದಳು, ರೋಗಿಯ ಕೈಗೆ ವರದಿ ಕೊಡುವ ಮುಖ ಮಾಡಿಕೊಂಡು.

ಸೆಪ್ಟೆಂಬರ್ 27

ಸಿಹಿ ಸುದ್ದಿ! 'ಕಾಣಿಸಿದ್ದು' ದಿನೇದಿನೇ ಏರುತ್ತಿದೆ. ಅದೂ ಅಂಗಡಿಯ ಹೆಸರನ್ನೇ ಬರೆದು ಹುಡುಕುತ್ತಿದ್ದಾರೆ, ಅಲ್ಲಿ ನಾವೇ ಮೊದಲಿಗರು. ಹೆಸರು ಹರಡುತ್ತಿದೆ. ಒಂದೇ ಒಂದು ಕೊರತೆ, ಯಾರೂ ಒಳಗೆ ಬರುತ್ತಿಲ್ಲ. ಹುಡುಕುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಮುಖಪುಟದ ಶೀರ್ಷಿಕೆ ಸಪ್ಪೆಯಾಯಿತೇನೋ. 'ಸೂಜಿಗಲ್ಲಿನಂತೆ ಸೆಳೆಯುವ ಸೂಜಿ ಅಂಗಡಿ' ಎಂದು ಬದಲಾಯಿಸಿದೆ.

ಅಕ್ಟೋಬರ್ 2

ನೋಡುವವರು ಇನ್ನೂ ಹೆಚ್ಚಿದ್ದಾರೆ. ಒಳಗೆ ಬಂದವರು ಸೊನ್ನೆ. ಸೂಜಿಗಲ್ಲನ್ನು ತೆಗೆದೆ. ಕಲ್ಲು ಹಾಕಿದವರು ಯಾರು?

ಅಕ್ಟೋಬರ್ 6

ಸಿಕ್ಕಿಬಿದ್ದರು.

ಬೆಳಗ್ಗೆ ಕಾಫಿ ಹಿಡಿದು ಕೆಳಗಿಳಿದರೆ ಅತ್ತೆ ಫೋನಿನಲ್ಲಿದ್ದರು. "ಹುಡುಕಿದ್ಯೇನೇ? ಕಾಣಿಸ್ತಾ? ಎಲ್ಲಕ್ಕಿಂತ ಮೇಲೇನೇ ಇದ್ಯಾ? ಹಾಂ, ಸರಿ, ಹಾಗಾದ್ರೆ ಮುಚ್ಚು. ನಾಳೆ ಇನ್ನೊಂದ್ಸಲ ನೋಡು."

ಅತ್ತೆಗೊಂದು ಪದ್ಧತಿಯಿದೆ. ರಿಪೇರಿ ಮಾಡಿದ ಯಂತ್ರವನ್ನು ಗಿರಾಕಿ ಒಯ್ಯುವ ತನಕ ದಿನಾ ಬೆಳಗ್ಗೆ ಒಂದು ಸಲ ಓಡಿಸಿ ನೋಡುವುದು, ನಿಂತು ಹೋಗಿಲ್ಲ ತಾನೆ ಎಂದು. ಜಾಲತಾಣವೂ ಅವರ ಲೆಕ್ಕದಲ್ಲಿ ಹೊಸದಾಗಿ ಬಂದ ಒಂದು ಯಂತ್ರ. ತಾವು ದಿನಾ ನೋಡುವುದಲ್ಲದೆ ಅಕ್ಕ, ಅಕ್ಕನ ಸೊಸೆ, ಇಬ್ಬರು ನಾದಿನಿಯರು, ಕೊನೆಗೆ ಕಿವಿ ಕೇಳದ ಭಾವನವರಿಗೂ ಈ ಕೆಲಸ ವಹಿಸಿದ್ದಾರೆ.

"ಅತ್ತೆ, ಕಾಣಿಸಿದ್ಮೇಲೆ ಅದನ್ನ ಒತ್ತಿ ಒಳಗೆ ಹೋಗ್ಬೇಕಲ್ವಾ?"

"ಯಾಕೆ? ಒಳಗೇನಿದೆ ಅಂತ ನಂಗೊತ್ತಿಲ್ವಾ? ನನ್ನಂಗಡಿ ಅದು."

"ನಿಮ್ಮಕ್ಕನಿಗೆ ಗೊತ್ತಿಲ್ವಲ್ಲ."

"ಅವಳಿಗ್ಯಾಕೆ ಗೊತ್ತಾಗ್ಬೇಕು?"

ಕಾಫಿ ಆರಿತು. ನನ್ನ ಕೀರ್ತಿಯ ಒಟ್ಟು ವಿಸ್ತೀರ್ಣ: ಅತ್ತೆಯ ನೆಂಟರು. ಎಲ್ಲರಿಗೂ ಫೋನ್ ಮಾಡಿ ದಯವಿಟ್ಟು ನಮ್ಮನ್ನು ಹುಡುಕಬೇಡಿ ಎಂದು ಕೈ ಮುಗಿದೆ. ಪ್ರಚಾರಕ್ಕೆಂದೇ ಹುಟ್ಟಿದ ಮನುಷ್ಯ ನಾನು, ಇಂಥ ವಾಕ್ಯ ನನ್ನ ಬಾಯಿಂದ ಬಂತು. ಭಾವನವರು ಮಾತ್ರ "ಆಯ್ತು, ದಿನಾ ಎರಡು ಸಲ ನೋಡ್ತೀನಿ" ಎಂದರು.

ಅಕ್ಟೋಬರ್ 11

ನೆಂಟರು ನಿಂತರು, ವರದಿಯ ಏರುಗೆರೆ ಮಲಗಿತು.

ಊಟವಾದ ಮೇಲೆ ಹೆಂಡತಿ ನನ್ನ ವರದಿಯನ್ನು ತಾನೇ ಎಳೆದುಕೊಂಡು ರಕ್ತದ ವರದಿ ನೋಡಿದಂತೆ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದಳು. ಯಾವ ಯಾವ ಮಾತು ಬರೆದು ಹುಡುಕಿದವರಿಗೆ ನಮ್ಮ ಪುಟ ಕಾಣಿಸಿತು ಎಂಬ ಪಟ್ಟಿಯೂ ಅದರಲ್ಲಿದೆ. ಆ ಪಟ್ಟಿಯನ್ನು ನಾನು ಓದಿರಲೇ ಇಲ್ಲ. ಅಂಕಿಗಳ ಮೇಲಷ್ಟೇ ನನ್ನ ಕಣ್ಣು.

"ಇಲ್ನೋಡಿ, 'ದಾರಿ ತಪ್ಪಿದರೆ ಏನು ಮಾಡಬೇಕು' ಅಂತ ಯಾರೋ ಕೇಳಿದಾರೆ. ಪಾಪ, ಯಾವ ಕಾಡಲ್ಲಿ ನಿಂತಿದ್ರೋ. ನೀವು ಅವ್ರಿಗೆ ಬಾಬಿನ್ ತೋರಿಸಿದೀರಿ."

ನಾನು ನಗಲು ಶುರು ಮಾಡಿದೆ. ಅವಳು ನಗಲಿಲ್ಲ.

"ಕೆಳಗೆ ನೋಡಿ. 'ಮಷೀನ್ ಕೆಳಗೆ ದಾರ ಗಂಟು ಬೀಳುತ್ತೆ ಯಾಕೆ.' 'ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ.' ಹೀಗೆ ಕೇಳಿದವರಿಗೆ ನೀವು ಎಪ್ಪತ್ತನೇ ಜಾಗದಲ್ಲಿದೀರಿ. ರೀ, ನಮ್ಮ ಆಸ್ಪತ್ರೆಗೆ ಬರೋರು ಯಾರಾದ್ರೂ ಕಾಯಿಲೆ ಹೆಸರು ಹೇಳ್ಕೊಂಡು ಬರ್ತಾರಾ? ತಲೆ ಸುತ್ತುತ್ತೆ ಅಂತಾರೆ, ಅಷ್ಟೇ. ಅವರು ಆಡೋ ಮಾತಲ್ಲೇ ನೀವು ಉತ್ತರ ಬರೀಬೇಕು."

"ಉತ್ತರ ನನಗೆ ಗೊತ್ತಿಲ್ವಲ್ಲೇ."

"ಅಮ್ಮನಿಗೆ ಗೊತ್ತಲ್ಲ."

ಹಾಗಿದ್ದರೆ ಅತ್ತೆ ರಿಪೇರಿ ಮಾಡುವ ಪರದೆಯಾಚೆ ಹೋಗಬೇಕು. ಅಲ್ಲಿಗೆ ಇದುವರೆಗೆ ಅಳಿಯನ ಪ್ರವೇಶವಾಗಿಲ್ಲ.

ಅಕ್ಟೋಬರ್ 13

ಅತ್ತೆಯ ಅಂಗಡಿಯ ನಡುವೆ ಒಂದು ದಪ್ಪ ಹಸಿರು ಪರದೆ. ಗಿರಾಕಿ ಎದುರಿಗೆ ಯಂತ್ರ ಬಿಚ್ಚಬಾರದು ಎಂಬುದು ಅವರ ಕಟ್ಟಳೆ. ಯಂತ್ರ ಎತ್ತಿಕೊಂಡು ಒಳಗೆ ಹೋಗುತ್ತಾರೆ, ಎರಡು ನಿಮಿಷದಲ್ಲಿ ಸರಿ ಮಾಡುತ್ತಾರೆ, ಹೊರಗೆ ಬಂದು ಮುಖ ಗಂಟಿಕ್ಕಿಕೊಂಡು "ನಾಳೆ ಬನ್ನಿ" ಎನ್ನುತ್ತಾರೆ. ತಕ್ಷಣ ಕೊಟ್ಟರೆ ಕೆಲಸ ಸುಲಭ ಅಂದುಕೊಳ್ಳುತ್ತಾರಂತೆ.

"ದಾರ ಗಂಟು ಬೀಳೋದು ಯಾಕೆ ಅತ್ತೆ?" ಎಂದೆ, ಆದಷ್ಟು ಮುಗ್ಧವಾಗಿ.

"ಯಾಕೆ?"

"ಬರೆಯೋಕೆ."

"ಎದುರಿಗೆ ನಿಂತಿರೋ ಗಿರಾಕಿಗೇ ಹೇಳಲ್ಲ ನಾನು. ನೀವು ಇಡೀ ಲೋಕಕ್ಕೆ ಡಂಗುರ ಹೊಡೀತೀರಾ?" ಎಂದು ಅತ್ತೆ ಅತ್ತ ತಿರುಗಿದರು.

ಒಂದು ಗಂಟೆ ಚೌಕಾಸಿಯಾಯಿತು. ಯಂತ್ರಗಳಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಪಟ್ಟಿಯ ಕೆಳಗೆ ಸೇರಿಕೊಳ್ಳುವ ನೂಲಿನ ಧೂಳು ಬಳಿಯುವುದು, ಎಣ್ಣೆ ಹಾಕುವುದು, ಇದನ್ನೆಲ್ಲ ನಾನು ಮಾಡಬೇಕು. ಪ್ರತಿಯಾಗಿ ಒಂದು ಗುಟ್ಟು. ಒಂದೇ ಒಂದು.

ಅಕ್ಟೋಬರ್ 20

ಒಂದು ವಾರ ಧೂಳು ಬಳಿದೆ. ಸೀನಿದೆ. ಇವತ್ತು ಪ್ರಸಾದ ಸಿಕ್ಕಿತು.

ಗಂಟು ಕೆಳಗೆ ಬೀಳುತ್ತದೆ, ಆದರೆ ತಪ್ಪು ಮೇಲಿನ ದಾರದ್ದು. ಅದು ಎರಡು ಬಿಲ್ಲೆಗಳ ನಡುವೆ ಬಿಗಿಯಾಗಿ ಹಾದು ಬರಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಕೆಳಗಿದ್ದಾಗ ಆ ಬಿಲ್ಲೆಗಳು ಬಾಯಿ ಮುಚ್ಚಿಕೊಂಡಿರುತ್ತವೆ; ಆಗ ದಾರ ಪೋಣಿಸಿದರೆ ಅದು ಹೊರಗೇ ಉಳಿಯುತ್ತದೆ. ಹಿಡಿತವಿಲ್ಲದ ದಾರ ಕೆಳಗಿಳಿದು ರಾಶಿ ಬೀಳುತ್ತದೆ. ಫುಟ್ ಎತ್ತಿ, ಮೊದಲಿಂದ ಪೋಣಿಸಿದರೆ ಮುಗಿಯಿತು.

"ಇಷ್ಟೇನಾ?"

"ಇಷ್ಟೇ. ಅದಕ್ಕೇ ಪರದೆ."

ನಾನೇ ಮಾಡಿ ನೋಡಿದೆ. ಮೊದಲ ಸಲ ಫುಟ್ ಎತ್ತುವುದನ್ನೇ ಮರೆತೆ. ಅತ್ತೆಗೆ ಎಂಥ ಸಂತೋಷ!

ಪುಟ ಬರೆದೆ. ಶೀರ್ಷಿಕೆ: 'ಹೊಲಿಗೆ ಮಷೀನ್ ಕೆಳಗೆ ದಾರ ಗಂಟು ಬೀಳುತ್ತಿದೆಯೇ? ಫುಟ್ ಎತ್ತಿ ದಾರ ಪೋಣಿಸಿ.' ನನ್ನ ಹಳೆಯ ಮೇಲಧಿಕಾರಿ ನೋಡಿದರೆ ಕಣ್ಣೀರು ಹಾಕುತ್ತಾರೆ. 'ಗಂಟುಮೋರೆ ಬಿಡಿ' ಎಂದು ಸೇರಿಸಲು ಕೈ ತುರಿಸಿತು. ಗಂಟು ಬಿದ್ದಾಗ ಮೋರೆಯ ಬಗ್ಗೆ ಯಾರೂ ಹುಡುಕುವುದಿಲ್ಲ ಎಂದು ಬಿಟ್ಟೆ.

ನವೆಂಬರ್ 8

ಒಂಬತ್ತು ಕ್ಲಿಕ್ಕು!! ಅತ್ತೆಯ ಅಕ್ಕನಿಗೆ ಫೋನ್ ಮಾಡಿ ವಿಚಾರಿಸಿದೆ. ತಾವಲ್ಲ ಎಂದು ಆಣೆ ಮಾಡಿದರು. ಭಾವನವರೂ ಅಲ್ಲ. ಹಾಗಾದರೆ ಒಂಬತ್ತು ಜನ ಪೂರಾ ಅಪರಿಚಿತರು, ರಕ್ತಸಂಬಂಧವೇ ಇಲ್ಲದವರು!

ಅತ್ತೆ ಖುಷಿಯಲ್ಲಿ ಕೇಳದೆಯೇ ಎರಡನೆಯ ಗುಟ್ಟು ಕೊಟ್ಟರು. ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಸೂಜಿ ನೋಡಬೇಕು: ಬಾಗಿರುತ್ತದೆ, ಇಲ್ಲವೇ ಚಪ್ಪಟೆ ಬದಿ ತಪ್ಪು ಕಡೆಗಿರುತ್ತದೆ. ಅದನ್ನೂ, ಜೊತೆಗೆ ಧೂಳು ತೆಗೆಯುವ ಕ್ರಮವನ್ನೂ ಬರೆದೆ.

ನವೆಂಬರ್ 24

ಗಂಟಿನ ಪುಟ ಮೂರನೆಯ ಸ್ಥಾನಕ್ಕೆ ಬಂದಿದೆ. ಕ್ಲಿಕ್ಕು ನೂರು ದಾಟಿತು. ಏಣಿಯಂತೆ ಏರಿದ ಗೆರೆಯನ್ನು ತೋರಿಸಲು ಕೆಳಗೆ ಓಡಿದೆ. ಅಂಗಡಿಯಲ್ಲಿ ಅತ್ತೆ ಒಬ್ಬರೇ ಕೂತಿದ್ದರು, ಎರಡೂ ಕೈ ಮಡಿಲಲ್ಲಿ.

"ಈ ವಾರ ದಾರ ಗಂಟು ಅಂತ ಒಬ್ರೂ ಬರಲಿಲ್ಲ. ಸೂಜಿ ಅಂತಾನೂ ಬರಲಿಲ್ಲ. ಹಾಲಿನಂಗಡಿ ಹೆಂಗಸು ರಸ್ತೇಲಿ ಸಿಕ್ಕಿ, 'ನಿಮ್ಮಳಿಯ ಬರ್ದಿದ್ದು ನೋಡಿ ನಾನೇ ಸರಿ ಮಾಡ್ಕೊಂಡೆ, ಥ್ಯಾಂಕ್ಸು' ಅಂದ್ಳು. ಏನು ಥ್ಯಾಂಕ್ಸು? ನನ್ನ ಹೊಟ್ಟೆ ಮೇಲೆ ಹೊಡ್ದು ಥ್ಯಾಂಕ್ಸಾ?"

ಗೆರೆಯನ್ನು ತೋರಿಸಲಿಲ್ಲ.

ನವೆಂಬರ್ 25

ನಾನು ತಂದ ಕಾಫಿಯನ್ನು ಅತ್ತೆ ಪಕ್ಕಕ್ಕೆ ಸರಿಸಿದರು. ಧೂಳು ಬಳಿದೆ.

ನವೆಂಬರ್ 28

ಕನ್ನಡಕದವರು ಟೇಪು ಹಿಡಿದು ಬಂದು ಗೋಡೆ ಅಳೆದರು. ಅತ್ತೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಹಾಗೆ ಹಿಡಿದದ್ದನ್ನು ನೋಡಲಾಗಲಿಲ್ಲ.

ಪುಟ ಅಳಿಸಿಬಿಡಲೇ ಎಂದು ಹೆಂಡತಿಯನ್ನು ಕೇಳಿದೆ.

"ಅಳಿಸಿದ್ರೆ ಅವ್ರೆಲ್ಲ ಅಂಗಡಿಗೆ ಬರ್ತಾರಾ?"

"ಇಲ್ಲ. ಇನ್ಯಾರದೋ ಪುಟಕ್ಕೆ ಹೋಗ್ತಾರೆ."

"ಮತ್ತೆ?"

ಕನ್ನಡಕದವರು ಹೋಗುವಾಗ ತಮ್ಮ ಮನೆಯ ಯಂತ್ರದಲ್ಲಿ ಮೇಲಿನ ದಾರ ಪದೇ ಪದೇ ತುಂಡಾಗುತ್ತದೆ ಎಂದರು. ಹೋಗಿ ನೋಡಿದೆ. ಸೂಜಿಯ ಕೆಳಗಿನ ತಗಡಿನ ತೂತಿನಲ್ಲಿ ಒಂದು ಗೀರು. ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿ ಕೊಟ್ಟೆ. ಇವತ್ತು ಬರೆಯುವಂಥದ್ದು ಬೇರೇನೂ ನಡೆಯಲಿಲ್ಲ.

ಡಿಸೆಂಬರ್ 5

ಬೆಳಗ್ಗೆ ಒಬ್ಬಳು ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಅಂಗಡಿಗೆ ಬಂದಳು. ನಾಟಕ ಮಂಡಳಿಗೆ ಉಡುಪು ಹೊಲಿಯುವವಳಂತೆ. ಪಕ್ಕದ ಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದಳು.

"ನಿಮ್ಮ ಪುಟದಲ್ಲಿ ಹೇಳಿದ್ದೆಲ್ಲಾ ಮಾಡ್ದೆ. ಫುಟ್ ಎತ್ತಿ ಪೋಣಿಸ್ದೆ. ಸೂಜಿ ಬದಲಾಯಿಸ್ದೆ. ಧೂಳು ತೆಗ್ದೆ. ಆದ್ರೂ ಬಿಟ್ಟು ಬಿಟ್ಟೇ ಬೀಳುತ್ತೆ. ನಾಡಿದ್ದು ನಾಟಕ. ರಾಜನಿಗೆ ಇನ್ನೂ ಒಂದೇ ತೋಳು."

ಅತ್ತೆ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಬಗ್ಗಿ ನೋಡಿದರು. ಮತ್ತೆ ತಿರುಗಿಸಿದರು. ಅವರ ಮುಖದ ಮೇಲೆ ತಿಂಗಳುಗಳಿಂದ ಕಾಣದ ಏನೋ ಒಂದು ಬಂತು. "ಅಳಿಯಂದಿರೇ, ಬನ್ನಿ ಇಲ್ಲಿ. ಕೊಕ್ಕೆ ನೋಡಿ."

ನೋಡಿದೆ. ಸೂಜಿ ಕೆಳಗಿಳಿದು ಮೇಲೇಳುವಾಗ ದಾರದಲ್ಲಿ ಒಂದು ಸಣ್ಣ ಕುಣಿಕೆ ಮೂಡುತ್ತದೆ; ಕೆಳಗೆ ಬಾಬಿನ್ ಸುತ್ತ ತಿರುಗುವ ಶಟಲ್ಲಿನ ಕೊಕ್ಕೆ ಸರಿಯಾಗಿ ಆ ಹೊತ್ತಿಗೆ ಬಂದು ಅದನ್ನು ಹಿಡಿಯಬೇಕು. ಇಲ್ಲಿ ಕೊಕ್ಕೆ ತಡವಾಗಿ ಬರುತ್ತಿತ್ತು, ಜೊತೆಗೆ ಅದರ ಮೂತಿಯೂ ಸವೆದಿತ್ತು.

"ಎಷ್ಟು ಕಾಲ ಆಯ್ತೋ ನಿಜವಾದ ಕಾಯಿಲೆ ನೋಡಿ! ಬರೀ ನೆಗಡಿ, ನೆಗಡಿ, ನೆಗಡಿ" ಎಂದು ಅತ್ತೆ ಯಂತ್ರವನ್ನೆತ್ತಿ ಪರದೆಯ ಕಡೆ ಹೊರಟರು.

"ಅಮ್ಮಾ, ನಾನೂ ನೋಡ್ಬೇಕು" ಎಂದಳು ಆಕೆ. "ಇಲ್ಲೀವರೆಗೂ ಎಲ್ಲಾ ಹೇಳ್ಕೊಟ್ಟಿದೀರಿ. ಇದೊಂದು ಯಾಕೆ ಮುಚ್ತೀರಿ?"

ಅತ್ತೆ ನಿಂತರು. ನನ್ನನ್ನು ನೋಡಿದರು. ನಾನು ಚಾವಣಿ ನೋಡಿದೆ. ಕೊನೆಗೆ ಅವರೇ ಪರದೆಯನ್ನು ಒಂದೇ ಏಟಿಗೆ ಪಕ್ಕಕ್ಕೆ ಸರಿಸಿ, "ಬಾ, ಕೂತ್ಕೋ. ಆದ್ರೆ ಮಧ್ಯೆ ಮಾತಾಡ್ಬೇಡ" ಎಂದರು. ಆಮೇಲೆ ಪೂರ್ತಿ ಹೊತ್ತು ಮಾತಾಡಿದವರು ಅತ್ತೆಯೇ. ತಾವು ಬದುಕಿಸಿದ ಯಂತ್ರಗಳ ಕಥೆಯನ್ನೆಲ್ಲ ಹೇಳಿದರು, ಅರ್ಧಕ್ಕರ್ಧ ಉತ್ಪ್ರೇಕ್ಷೆ. ಕೊಕ್ಕೆ ಬದಲಾಯಿಸಿದರು. ತಿರುಪು ಸಡಿಲಿಸಿ ಕೊಕ್ಕೆ ಬರುವ ಹೊತ್ತು ಹೊಂದಿಸುವುದನ್ನು ನನ್ನ ಕೈಯಿಂದಲೇ ಮಾಡಿಸಿದರು. ಮೂರನೆಯ ಪ್ರಯತ್ನಕ್ಕೆ ಹೊಲಿಗೆ ಒಂದೇ ಸಮ ಬಿತ್ತು. ಆಕೆ ರಾಜನ ಎರಡನೆಯ ತೋಳನ್ನು ಇಲ್ಲೇ ಕೂತು ಹೊಲಿದು ಹೋದಳು.

ಅವಳು ಹೋದ ಮೇಲೆ ಅತ್ತೆ, "ಅಳಿಯಂದಿರೇ, ಬರ್ಕೊಳ್ಳಿ" ಎಂದರು. "ಇಷ್ಟೆಲ್ಲಾ ಮಾಡಿದ್ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಶಟಲ್ಲಿನ ಕೊಕ್ಕೆಯದೇ ಕೆಲಸ. ನೀವೇ ಬಿಚ್ಚೋಕೆ ಹೋಗ್ಬೇಡಿ, ಬೆರಳೂ ಹೋಗುತ್ತೆ ಮಷೀನೂ ಹೋಗುತ್ತೆ. ಎತ್ಕೊಂಡು ನಮ್ಮಲ್ಲಿಗೆ ಬನ್ನಿ, ಕೂತು ನೋಡಿ."

ಒಂದಕ್ಷರ ಬದಲಾಯಿಸದೆ ಎಲ್ಲ ಪುಟಗಳ ಕೊನೆಗೂ ಹಾಕಿದೆ. ಕೆಳಗೆ ವಿಳಾಸ, ಅಂಗಡಿ ತೆರೆದಿರುವ ಹೊತ್ತು. ಇಷ್ಟು ದಿನ ವಿಳಾಸ ಇದ್ದದ್ದು 'ಬಾಬಿನ್ನಹ'ದಲ್ಲಿ ಮಾತ್ರ. ಅಲ್ಲಿಯವರೆಗೆ ಹೋಗಿದ್ದವಳು ಇವಳೊಬ್ಬಳೇ! ಆ ಪುಟವನ್ನು ತೆಗೆದುಹಾಕಿದೆ.

ಡಿಸೆಂಬರ್ 19

ನೆಲದ ಮೇಲೆ ಕಾಲಿಡಲು ಜಾಗವಿಲ್ಲ, ಎಲ್ಲೆಲ್ಲೂ ಯಂತ್ರ. ಒಂದೊಂದೂ ಫುಟ್ ಎತ್ತಿ, ಸೂಜಿ ಬದಲಾಯಿಸಿ, ಎಲ್ಲ ಪರೀಕ್ಷೆ ಮುಗಿಸಿಕೊಂಡೇ ಬಂದಿದೆ. ಗಿರಾಕಿಗಳು ಬೆಂಚಿನ ಮೇಲೆ ಕೂತು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ; ಅತ್ತೆ ಗದರುತ್ತಾರೆ, ಉತ್ತರವನ್ನೂ ಹೇಳುತ್ತಾರೆ. ಅವರು ಕೇಳಿದ್ದನ್ನೇ ಶೀರ್ಷಿಕೆ ಮಾಡಿ ಮೂರು ಹೊಸ ಪುಟ ಬರೆದೆ. ವರದಿ ನೋಡಲು ಹೊತ್ತು ಸಿಗಲಿಲ್ಲ. ಎಡಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿದೆ.

ಡಿಸೆಂಬರ್ 30

ಮಧ್ಯಾಹ್ನ ಕನ್ನಡಕದವರು ಬಂದರು. ಬಾಗಿಲಲ್ಲೇ ನಿಂತು, ಒಳಗಿನ ಜನ ನೋಡಿ, ಸ್ವಲ್ಪ ಸಂಕೋಚದಿಂದಲೇ ಕೇಳಿದರು.

"ಅಕ್ಕಾ, ವರ್ಷ ಮುಗೀತು. ಏನು ತೀರ್ಮಾನ ಮಾಡಿದ್ರಿ?"

ಅತ್ತೆ ತಲೆ ಎತ್ತಲಿಲ್ಲ. "ನನ್ನೊಬ್ಬಳನ್ನೇ ಕೇಳಿದ್ರೆ ಹೇಗಪ್ಪಾ? ಇಲ್ಲಿ ಕೆಲಸ ಮಾಡೋರು ಇಬ್ರು. ಅವ್ರನ್ನೂ ಕೇಳು."

ಕನ್ನಡಕದವರು ನನ್ನ ಕಡೆ ತಿರುಗಿದರು. ಬೆಂಚಿನವರೂ ತಿರುಗಿದರು. ನನ್ನ ಎರಡೂ ಕೈ ಒಂದು ಹಳೆಯ ಯಂತ್ರದ ಹೊಟ್ಟೆಯೊಳಗಿದ್ದವು, ತುಟಿಗಳ ನಡುವೆ ಎರಡು ತಿರುಪುಗಳು. ಉಗಿದರೆ ಕಳೆದುಹೋಗುತ್ತವೆ, ಅಷ್ಟು ಸಣ್ಣವು. ಹಾಗಾಗಿ ಮಾತಾಡಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

"ಸರಿ ಬಿಡಿ" ಎಂದರು ಅವರು. ಹೋಗಲಿಲ್ಲ, ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ಕೂತರು. ಅತ್ತೆ ಏನೋ ಒಂದು ಹಾಡು ಗುನುಗಲು ಶುರು ಮಾಡಿದರು, ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಸಂಜೆ ಹೆಂಡತಿ ಆಸ್ಪತ್ರೆಯಿಂದ ನೇರ ಅಂಗಡಿಗೇ ಬಂದು, ನನ್ನ ಮೇಜಿನೆದುರು ನಿಂತು ಫೋನು ಮುಂದೆ ಹಿಡಿದಳು. "ರೀ, ಈ ತಿಂಗಳು ಕ್ಲಿಕ್ಕು ಎಷ್ಟಾಗಿದೆ ನೋಡಿದ್ರಾ?"

"ಆಮೇಲೆ ಹೇಳು" ಎಂದೆ. "ಸ್ವಲ್ಪ ಈ ಕಡೆ ನಿಲ್ಲು, ಬೆಳಕಿಗೆ ಅಡ್ಡ ಬರ್ತಿದೀಯ."